ದೊಡ್ಡಮ್ಮನ ಕಾಫಿ, ಚಿಕ್ಕಮ್ಮನ ಹಾಲು

ಆ ಅಂಗಡಿಯಲ್ಲಿ ಕಾಫಿ ಇಳಿಸುವವಳು ಒಬ್ಬಳು, ಹಾಲು ಕಾಯಿಸುವವಳು ಇನ್ನೊಬ್ಬಳು. ಇಬ್ಬರೂ ವಾರಗಿತ್ತಿಯರು. ಅಣ್ಣನ ಹೆಂಡತಿ ದೊಡ್ಡಮ್ಮ, ತಮ್ಮನ ಹೆಂಡತಿ ಚಿಕ್ಕಮ್ಮ. ಮನೆಯ ಮಕ್ಕಳು ಕರೆಯುತ್ತಿದ್ದ ಹೆಸರನ್ನೇ ಗಿರಾಕಿಗಳೂ ಎತ್ತಿಕೊಂಡಿದ್ದರು. ಅವರಿಗಿಂತ ವಯಸ್ಸಾದ ಹಲ್ಲಿನ ಡಾಕ್ಟರು ಕೂಡ ಬಾಯಿ ತುಂಬ ದೊಡ್ಡಮ್ಮ, ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ಇಬ್ಬರೂ ಒಂದೇ ಯಂತ್ರದ ಮುಂದೆ, ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ನಿಂತು ದಿನವಿಡೀ ದುಡಿಯುತ್ತಿದ್ದರು. ಇಬ್ಬರಿಗೂ ಮಾತಿರಲಿಲ್ಲ.

ಯಂತ್ರದ ಕಥೆ ಮೊದಲು ಹೇಳಿಬಿಡಬೇಕು. ಯಾವುದೋ ದೊಡ್ಡ ಹೋಟೆಲು ಬಾಗಿಲು ಹಾಕಿದಾಗ ಅಣ್ಣತಮ್ಮಂದಿರು ಹೋಗಿ ಹೊತ್ತು ತಂದ ಇಟಲಿಯ ಯಂತ್ರ ಅದು. ಅದನ್ನು ಕೂರಿಸಲು ಬಂದ ಮೆಕ್ಯಾನಿಕ್ ಅವಸರದ ಮನುಷ್ಯ. ಎಡಗಡೆ ನಿಂತಿದ್ದ ದೊಡ್ಡಮ್ಮನಿಗೆ ಎಡಗಡೆಯ ಕೆಲಸ ಕಲಿಸಿದ. ಬೀಜ ಬೀಸಬೇಕು, ಉದ್ದ ಹಿಡಿಯಿರುವ ಜಾಲರಿ ಬಟ್ಟಲಿಗೆ ಪುಡಿ ತುಂಬಿ ಒತ್ತಬೇಕು, ಅದನ್ನು ಯಂತ್ರಕ್ಕೆ ಸಿಕ್ಕಿಸಿ ಗುಂಡಿ ಅದುಮಬೇಕು. ಬಿಸಿನೀರು ಭಾರೀ ಒತ್ತಡದಲ್ಲಿ ಆ ಪುಡಿಯೊಳಗೆ ನುಗ್ಗಿ ಕಂದು ಧಾರೆಯಾಗಿ ಕೆಳಗಿನ ಕಪ್ಪಿಗೆ ಇಳಿಯುತ್ತದೆ. ಅದು ಎಸ್ಪ್ರೆಸೊ, ಎರಡು ಗುಟುಕಿನ ಕಾಫಿ. ಬಲಗಡೆ ನಿಂತಿದ್ದ ಚಿಕ್ಕಮ್ಮನಿಗೆ ಹಬೆಯ ಕೊಳವೆ ತೋರಿಸಿದ. ಹಾಲಿಗೆ ಹಬೆ ಕೊಟ್ಟು, ನೊರೆ ಎಬ್ಬಿಸಿ, ಆ ಎರಡು ಗುಟುಕಿನ ಮೇಲೆ ಸುರಿಯಬೇಕು. ನೊರೆ ದಪ್ಪಗಿದ್ದರೆ ಕ್ಯಾಪುಚಿನೊ, ನೊರೆ ತೆಳ್ಳಗಿದ್ದು ಹಾಲು ಜಾಸ್ತಿಯಾದರೆ ಲಾಟೆ, ಚಮಚದಷ್ಟು ನೊರೆ ಮಾತ್ರ ಇಟ್ಟರೆ ಮಕಿಯಾಟೊ. ಇಷ್ಟು ಹೇಳಿ ಅವನು ಗಾಡಿ ಹತ್ತಿದ. ಅಂದಿನಿಂದ ಎಡಗಡೆಯವಳು ಎಡಗಡೆಗೇ ಉಳಿದಳು, ಬಲಗಡೆಯವಳು ಬಲಗಡೆಗೆ. ದೊಡ್ಡಮ್ಮನ ಗಂಡ ಬೀಜ ತರುವುದು, ಹುರಿಸುವುದು ಎಂದು ಹೊರಗೇ ಇರುತ್ತಿದ್ದ. ಚಿಕ್ಕಮ್ಮನ ಗಂಡ ಗಲ್ಲಾದಲ್ಲಿ ಕೂರುತ್ತಿದ್ದ.

ದೊಡ್ಡಮ್ಮನದು ಎರಡು ಹುಟ್ಟುಗುಣ. ಒಂದು, ಯಾವುದನ್ನೂ ವ್ಯರ್ಥ ಮಾಡಳು. ಟೂತ್‌ಪೇಸ್ಟಿನ ಟ್ಯೂಬು ಚಪ್ಪಟೆಯಾದ ಮೇಲೂ ಕತ್ತರಿಯಿಂದ ಸೀಳಿ ಒಳಗಿನದನ್ನು ಬಳಿದು ತೆಗೆಯುವವಳು. ಸವೆದ ಸಾಬೂನಿನ ಚೂರನ್ನು ಹೊಸ ಸಾಬೂನಿನ ಬೆನ್ನಿಗೆ ಅಂಟಿಸುವವಳು. ಎರಡು, ಎಲ್ಲದರ ಹೊಟ್ಟೆಯೊಳಗೇನಿದೆ ಎಂದು ನೋಡದಿದ್ದರೆ ಅವಳಿಗೆ ಸಮಾಧಾನವಿಲ್ಲ. ಮನೆಯ ಗಡಿಯಾರ ಬಿಚ್ಚಿ ನೋಡಿದ್ದಳು. ಹಲ್ಲು ನೋವೆಂದು ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಕೂತಾಗಲೂ, ಆ ಕೊರೆಯುವ ಯಂತ್ರ ತಿರುಗುವುದು ಗಾಳಿಯಿಂದಲೋ ಕರೆಂಟಿನಿಂದಲೋ ಎಂದು ಕೈಸನ್ನೆಯಲ್ಲಿ ಕೇಳಿ ಡಾಕ್ಟರನ್ನು ಸುಸ್ತು ಮಾಡಿದ್ದಳು. ಇಂಥ ಹೆಂಗಸು ಮೊಳದೂರದಲ್ಲಿ ನಡೆಯುತ್ತಿದ್ದ ಚಿಕ್ಕಮ್ಮನ ಕೈಕೆಲಸವನ್ನು ಮಾತ್ರ ತಿರುಗಿ ನೋಡುತ್ತಿರಲಿಲ್ಲ. ನೋಡಿದರೆ ತಾನು ಸೋತ ಹಾಗೆ ಎಂದು ಅವಳ ಲೆಕ್ಕ.

ಮಾತು ಬಿಟ್ಟದ್ದು ಒಂದು ಕಪ್ ಕಾಫಿಯ ದೆಸೆಯಿಂದ. ಅಂಗಡಿ ತೆರೆದು ಇನ್ನೂ ಕಾಲೂರುತ್ತಿದ್ದ ಕಾಲ. ಯಾರೋ ಗಿರಾಕಿ ಕ್ಯಾಪುಚಿನೊ ವಾಪಸ್ ತಂದಿಟ್ಟು, ಕಹಿ ಎಂದ. ದೊಡ್ಡಮ್ಮ, ಹಾಲು ಸೀದಿರಬೇಕು ಎಂದಳು. ಅಂಗಡಿ ತುಂಬ ಜನ. ಚಿಕ್ಕಮ್ಮ ಜಗ್ಗನ್ನು ಮೂಸಿ ನೋಡಿ, ತಣ್ಣಗಿನ ದನಿಯಲ್ಲಿ ಹೇಳಿದಳು:

"ಹಾಲಲ್ಲಿ ಕಹಿ ಎಲ್ಲಿಂದ ಬರುತ್ತೆ ಅಕ್ಕ? ಕಹಿ ಇರೋದು ಕಾಫಿಯಲ್ಲೇ."

ಮನೆಯಲ್ಲಿ ಹೇಳಿದ್ದರೆ ದೊಡ್ಡಮ್ಮ ಒಂದಕ್ಕೆ ಎರಡು ಜೋಡಿಸಿ ಜಗಳವಾಡಿ, ಊಟದ ಹೊತ್ತಿಗೆ ಮರೆತುಬಿಡುತ್ತಿದ್ದಳು. ನಾಲ್ಕು ಜನರ ಮುಂದೆ ಹೇಳಿದ್ದು ಎದೆಗೆ ನಾಟಿತು. ಅವಳು ಏನೂ ಅನ್ನಲಿಲ್ಲ, ಕೈ ಒರೆಸಿಕೊಂಡು ಮುಂದಿನ ಪುಡಿ ಬೀಸಿದಳು. ಅಂದು ಮುಚ್ಚಿದ ಬಾಯಿ ಮತ್ತೆ ಚಿಕ್ಕಮ್ಮನ ಕಡೆಗೆ ತೆರೆಯಲಿಲ್ಲ. ಚಿಕ್ಕಮ್ಮ ಕೆಲವು ದಿನ ತಾನಾಗಿ ಮೇಲೆ ಬಿದ್ದು ಮಾತಾಡಿಸಿ ನೋಡಿದಳು. ಗೋಡೆಗೆ ಹೇಳಿದ ಹಾಗಾಗುತ್ತಿತ್ತು. ಅವಳಿಗೂ ಮಾನ ಮರ್ಯಾದೆ ಇತ್ತಲ್ಲ, ಅವಳೂ ಬಿಟ್ಟಳು.

ಆದರೆ ಹೊಟ್ಟೆಪಾಡು ಮುನಿಸಿಗೆ ಕಾಯುವುದಿಲ್ಲ. ಎಡಗಡೆಯಿಂದ ಬಲಗಡೆಗೆ ಆರ್ಡರು ದಾಟಬೇಕಿತ್ತು. ಹಾಗಾಗಿ ಕಪ್ಪಿನ ಕಿವಿಯೇ, ಅಂದರೆ ಅದರ ಹಿಡಿಕೆಯೇ, ಅವರ ನಾಲಿಗೆಯಾಯಿತು. ದೊಡ್ಡಮ್ಮ ಕಪ್ಪನ್ನು ಧಾರೆಯ ಕೆಳಗೆ ಇಡುವಾಗ ಅದರ ಕಿವಿ ಬೀದಿಯ ಕಡೆಗಿದ್ದರೆ ಕ್ಯಾಪುಚಿನೊ, ಗೋಡೆಯ ಕಡೆಗಿದ್ದರೆ ಲಾಟೆ. ತಟ್ಟೆಯಲ್ಲಿ ಚಮಚ ಮಗುಚಿಟ್ಟರೆ ಮಕಿಯಾಟೊ. ಗುಂಡಿ ಅದುಮಿ ಅವಳು ಬೆನ್ನು ತಿರುಗಿಸಿ ಬೀಸುವ ಯಂತ್ರದ ಕಡೆ ಹೋಗುತ್ತಿದ್ದಳು. ಕಾಫಿ ಇಳಿದ ಮೇಲೆ ಕಪ್ ಎತ್ತಿಕೊಂಡು ಹಾಲು ಸುರಿಯುವುದು ಚಿಕ್ಕಮ್ಮನ ಕೆಲಸ. ಒಂದು ದಿನವೂ ಲಾಟೆ ಕೇಳಿದವರಿಗೆ ಕ್ಯಾಪುಚಿನೊ ಹೋಗಲಿಲ್ಲ. ಮಾತಾಡುವ ಎಷ್ಟೋ ಅಂಗಡಿಗಳಲ್ಲಿ ಈ ಭಾಗ್ಯವಿಲ್ಲ.

ಅದಿರಲಿ, ಮಾತು ಬಿಟ್ಟ ಮೇಲೆ ಒಬ್ಬನೇ ಒಬ್ಬ ಗಿರಾಕಿಯೂ ಕಹಿ ಎಂದು ಕಪ್ ವಾಪಸ್ ತಂದಿರಲಿಲ್ಲ. ದೊಡ್ಡಮ್ಮನಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಗಂಡನ ಮುಂದೆ ಆಗಾಗ ಈ ವಿಷಯ ಎತ್ತಿ, ನನ್ನ ಕಾಫಿ ಹೇಗಿದೆ ಅಂತ ಊರಿಗೇ ಗೊತ್ತು ಎನ್ನುತ್ತಿದ್ದಳು. ತನಗೆಂದು ಬೆಳಿಗ್ಗೆ ಒಂದು ದೊಡ್ಡ ಲೋಟ ಇಳಿಸಿಕೊಂಡು, ಮೂರು ಚಮಚ ಸಕ್ಕರೆ ಸುರಿದು ಕುಡಿಯುವುದು ಅವಳ ಪದ್ಧತಿ. ಸ್ವಲ್ಪ ಕಹಿಯಿರದಿದ್ದರೆ ಅದೂ ಒಂದು ಕಾಫಿಯೇ ಎನ್ನುವವಳು ಅವಳು. ಚಿಕ್ಕಮ್ಮನ ಕಡೆಯ ಮೂಲೆಯಲ್ಲಿ ಯಾವಾಗಲೂ ಒಂದು ಸ್ಟೀಲ್ ಲೋಟವಿರುತ್ತಿತ್ತು, ಅದರ ತಳದಲ್ಲಿ ಬಣ್ಣಗೆಟ್ಟ ನೀರು. ಚಮಚ ಅದ್ದಿಡುವ ಲೋಟವಿರಬೇಕು, ಅದನ್ನಾದರೂ ನೆಟ್ಟಗೆ ತೊಳೆಯಬಾರದೇ ಎಂದು ದೊಡ್ಡಮ್ಮ ಮನಸ್ಸಿನಲ್ಲೇ ಗೊಣಗುತ್ತಿದ್ದಳು.

ಹೀಗೆ ವರ್ಷಗಳು ಉರುಳಿದವು. ಆಮೇಲೆ ಚಿಕ್ಕಮ್ಮನ ಮಗಳಿಗೆ ಹೆರಿಗೆಯಾಯಿತು. ಬಾಣಂತಿಯನ್ನು ನೋಡಿಕೊಳ್ಳಲು ಚಿಕ್ಕಮ್ಮ ಚೀಲ ಕಟ್ಟಿಕೊಂಡು ಮಗಳ ಊರಿಗೆ ಹೊರಟಳು. ಹೋಗುವಾಗ ಯಂತ್ರ ಒರೆಸಿ, ಜಗ್ಗುಗಳನ್ನು ಬೋರಲು ಹಾಕಿ ಹೋದಳು. ದೊಡ್ಡಮ್ಮನಿಗೆ ಹೋಗಿ ಬರುತ್ತೇನೆ ಎನ್ನಲಿಲ್ಲ, ದೊಡ್ಡಮ್ಮನೂ ಹೋಗಿ ಬಾ ಎನ್ನಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಗಿರಾಕಿ ಹಲ್ಲಿನ ಡಾಕ್ಟರು. ಕ್ಯಾಪುಚಿನೊ ಎಂದರು. ದೊಡ್ಡಮ್ಮ ಪುಡಿ ಒತ್ತಿದಳು, ಹಿಡಿ ಸಿಕ್ಕಿಸಿದಳು, ಕಪ್ಪಿನ ಕಿವಿಯನ್ನು ಬೀದಿಯ ಕಡೆ ತಿರುಗಿಸಿಟ್ಟಳು, ಗುಂಡಿ ಅದುಮಿ ಬೆನ್ನು ತಿರುಗಿಸಿದಳು. ಮುಂದಿನದಕ್ಕೆ ಪುಡಿ ಬೀಸಿ ತಿರುಗಿದರೆ ಕಪ್ ಇಟ್ಟಲ್ಲೇ ಇತ್ತು. ಅವಳು ಅದನ್ನೇ ನೋಡುತ್ತ ನಿಂತಳು. ಯಾರೋ ಬಂದು ಎತ್ತಿಕೊಳ್ಳುತ್ತಾರೆ ಎನ್ನುವ ಹಾಗೆ ಸ್ವಲ್ಪ ಹೊತ್ತು ನಿಂತೇ ಇದ್ದಳು. ಗಲ್ಲಾದಲ್ಲಿ ಮೈದುನ ಕೆಮ್ಮಿದ. ಆಗ ಅವಳಿಗೆ ನಾಚಿಕೆಯಾಗಿ, ತಾನೇ ಕಪ್ ಎತ್ತಿಕೊಂಡು ಬಲಗಡೆಗೆ ನಡೆದಳು. ಎರಡು ಹೆಜ್ಜೆಯ ದೂರ, ಆದರೆ ಪರವೂರಿಗೆ ಬಂದ ಹಾಗಿತ್ತು.

ಹಬೆಯ ಕೊಳವೆ ತಿರುಗಿಸಿದ್ದೇ ತಡ, ಹಾಲು ಗೋಡೆಗೆ ಹಾರಿತು, ಕನ್ನಡಕಕ್ಕೆ ಹಾರಿತು. ಜಗ್ಗಿನಲ್ಲಿ ಉಳಿದದ್ದು ಬಟ್ಟೆ ಒಗೆಯುವ ಬಕೆಟ್ಟಿನ ನೊರೆಯಂತೆ ಗುಳ್ಳೆ ಗುಳ್ಳೆ. ಅದನ್ನೇ ಚಮಚದಲ್ಲಿ ಕೆರೆದು ಡಾಕ್ಟರಿಗೆ ಕೊಟ್ಟಳು. ಡಾಕ್ಟರು ದೊಡ್ಡ ಮನಸ್ಸಿನಿಂದ ಕುಡಿದರು, ಪೂರ್ತಿ ಕುಡಿಯಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಹಣೆ ಚಚ್ಚಿಕೊಳ್ಳುತ್ತಿದ್ದರು. ದೊಡ್ಡಮ್ಮನಿಗೆ ಮಾತ್ರ ಎಷ್ಟೋ ವರ್ಷದಿಂದ ಕಟ್ಟಿಹಾಕಿದ್ದ ಕುತೂಹಲಕ್ಕೆ ಹಗ್ಗ ಬಿಚ್ಚಿದಂತಾಯಿತು. ಮಧ್ಯಾಹ್ನ ಅಂಗಡಿ ಖಾಲಿಯಿರುವಾಗ ಹಾಲಿನೊಡನೆ ಗುದ್ದಾಡತೊಡಗಿದಳು. ಹಾಲು ದಂಡವಾಗಬಾರದೆಂದು ಮೊದಲು ನೀರಿಗೆ ಒಂದು ತೊಟ್ಟು ಪಾತ್ರೆ ಸೋಪು ಹಾಕಿ ಕಲಿತಳು. ಕೊಳವೆಯ ತುದಿ ಮೇಲಿದ್ದರೆ ಏನಾಗುತ್ತದೆ, ಮುಳುಗಿದರೆ ಏನಾಗುತ್ತದೆ, ಜಗ್ ಓರೆ ಹಿಡಿದರೆ ಒಳಗಿನದು ಯಾಕೆ ಸುಳಿ ಸುತ್ತುತ್ತದೆ ಎಂದು ಬಗ್ಗಿ ಬಗ್ಗಿ ನೋಡಿದಳು. ಒಂದು ವಿಚಿತ್ರ ಅವಳ ಅರಿವಿಗೆ ಬಂತು. ಚಿಕ್ಕಮ್ಮನ ಕೈ ಕಡೆ ಅವಳು ನೋಡಿರಲಿಲ್ಲ ನಿಜ, ಆದರೆ ಕಿವಿಗೆ ಬಾಗಿಲಿಲ್ಲವಲ್ಲ. ಆ ಕಡೆಯಿಂದ ಬರುತ್ತಿದ್ದ ಸದ್ದೆಲ್ಲ ಅವಳ ತಲೆಯಲ್ಲಿ ಹಾಗೇ ಕೂತಿತ್ತು. ಮೊದಲು ಕಾಗದ ಹರಿದಂತೆ ಒಂದಿಷ್ಟು ಚರ್ ಚರ್, ಆಮೇಲೆ ಆ ಚರಚರ ನಿಂತು ಬರೀ ಗುಂಯ್ ಎನ್ನುವ ಸದ್ದು, ಆ ಗುಂಯ್ ದಪ್ಪಗಾಗುವಷ್ಟರಲ್ಲಿ ಪಟ್ಟನೆ ನಿಶ್ಶಬ್ದ, ಕೊನೆಗೆ ಜಗ್ಗನ್ನು ಕಲ್ಲಿನ ಮೇಲೆ ಕುಟ್ಟುವ ಟಕ್. ದೊಡ್ಡಮ್ಮ ಕಣ್ಣು ಮುಚ್ಚಿಕೊಂಡು, ಆ ಸದ್ದುಗಳು ಅದೇ ಸಾಲಿನಲ್ಲಿ ಬರುವವರೆಗೂ ಹಾಲನ್ನು ಪೀಡಿಸಿದಳು. ಬಂದ ದಿನ ನೊರೆ ಬೆಣ್ಣೆಯ ಹಾಗಿತ್ತು. ಬೆರಳಲ್ಲಿ ತೆಗೆದು ನೆಕ್ಕಿದರೆ, ಸಕ್ಕರೆ ಹಾಕದೆಯೇ ಸಿಹಿ. ಅವಳಿಗೆ ಹಿಗ್ಗೋ ಹಿಗ್ಗು. ಹೇಳಿಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ ಎನ್ನುವುದೂ ಅದೇ ಗಳಿಗೆಯಲ್ಲಿ ಚುಚ್ಚಿತು.

ಆ ವಾರವೇ ಮೈದುನ ಮುಖ ಸಣ್ಣದು ಮಾಡಿಕೊಂಡು ಒಂದು ಸುದ್ದಿ ತಂದ. ಮಗಳ ಮನೆಯ ಕೆಳಗೇ ದೊಡ್ಡ ಕಾಫಿ ಅಂಗಡಿಯೊಂದಿದೆಯಂತೆ. ಚಿಕ್ಕಮ್ಮ ಒಂದು ದಿನ ಸುಮ್ಮನೆ ಹೋದವಳು ಹಾಲು ಕಾಯಿಸಿ ತೋರಿಸಿದ್ದಕ್ಕೆ, ನಮ್ಮಲ್ಲೇ ಇದ್ದುಬಿಡಿ ಎಂದು ಗಂಟು ಬಿದ್ದಿದ್ದಾರಂತೆ. ಮಗಳಿಗೂ ಅಮ್ಮ ಜೊತೆಗಿರಲಿ ಎಂದು ಆಸೆ. ಚಿಕ್ಕಮ್ಮ ಹೂಂ ಅಂದಿಲ್ಲ, ಊಹೂಂ ಅಂತಲೂ ಅಂದಿಲ್ಲ.

"ಅವಳು ಬರೋದು ಅನುಮಾನ ಅತ್ತಿಗೆ," ಎಂದ ಮೈದುನ. "ಅಲ್ಲಿ ಎಲ್ಲರೂ ಅವಳ ಜೊತೆ ಮಾತಾಡ್ತಾರಂತೆ."

ದೊಡ್ಡಮ್ಮ, ಇದ್ದರೆ ಇರಲಿ, ನನಗೀಗ ಹಾಲು ಬರುತ್ತೆ ಎಂದಳು. ಹೇಳಿ, ಒರೆಸಿದ ಜಗ್ಗನ್ನೇ ಮತ್ತೆ ಒರೆಸಿದಳು.

ಹಾಲು ಬಂದಿತ್ತು ನಿಜ, ಆದರೆ ಗಿರಾಕಿಗಳು ಬರುವುದು ಕಡಿಮೆಯಾಗಿತ್ತು. ಬಂದವರೂ ಅರ್ಧ ಕುಡಿದು ಎದ್ದು ಹೋಗುತ್ತಿದ್ದರು. ದೊಡ್ಡಮ್ಮ ಪ್ರತಿ ಕಪ್ಪಿನ ತಳವನ್ನೂ ಇಣುಕಿ ನೋಡಿದಳು. ಮೇಲಿನ ನೊರೆ ಎಲ್ಲರೂ ತಿಂದಿದ್ದಾರೆ, ಕೆಳಗಿನ ಕಾಫಿ ಯಾರೂ ಮುಗಿಸಿಲ್ಲ. ದಿನಾ ಬರುತ್ತಿದ್ದ ಡ್ರೈವಿಂಗ್ ಸ್ಕೂಲಿನ ಮೇಷ್ಟರು ಎದುರು ಬೀದಿಯ ಚಹದಂಗಡಿಯ ಮುಂದೆ ನಿಂತದ್ದನ್ನು ಕಣ್ಣಾರೆ ಕಂಡಳು. ಬೀಜ ಅದೇ, ಹುರಿಸಿ ತಂದದ್ದು ಅದೇ ಗಂಡ, ಯಂತ್ರ ಅದೇ, ಕಾಫಿ ಇಳಿಸುವ ಕೈಯೂ ಅದೇ. ಹಾಲೂ ಈಗ ಸರಿಹೋಯಿತು. ಮತ್ತೆ ಯಾವುದು ಕೆಟ್ಟಿತು? ತಲೆ ಕೆರೆದುಕೊಂಡು ಸಾಕಾಗಿ, ಒಂದು ದಿನ ಹಲ್ಲಿನ ಡಾಕ್ಟರ ಮೇಜಿನ ಎದುರು ಕುರ್ಚಿ ಎಳೆದುಕೊಂಡು ಕೂತಳು. ಕಪ್ಪಿನಲ್ಲಿ ಅರ್ಧ ಉಳಿಸಿದ್ದೀರಿ, ಯಾಕೆ ಎಂದು ನೇರವಾಗಿ ಕೇಳಿದಳು.

ಡಾಕ್ಟರು ಗಲ್ಲಾದ ಕಡೆ ನೋಡಿದರು. ಮೈದುನ ತಲೆ ತಗ್ಗಿಸಿದ. ಇಬ್ಬರೂ ಏನನ್ನೋ ನುಂಗಿಕೊಂಡಿದ್ದಾರೆ ಎಂದು ದೊಡ್ಡಮ್ಮನಿಗೆ ಹೊಳೆಯಿತು. ಅವಳು ಬಿಡುವವಳಲ್ಲ. ಕೊನೆಗೆ ಡಾಕ್ಟರು ಬಾಯಿ ಬಿಟ್ಟರು.

"ಬೇಜಾರು ಮಾಡ್ಕೋಬೇಡಿ ದೊಡ್ಡಮ್ಮ. ನೀವು ಆ ಕಡೆ ತಿರುಗಿದ ಮೇಲೆ, ಧಾರೆ ಬಣ್ಣ ಬದಲಾದ ಕೂಡಲೇ ಚಿಕ್ಕಮ್ಮ ಕಪ್ ಎಳ್ಕೊಂಡು ಅಲ್ಲಿ ಒಂದು ಸ್ಟೀಲ್ ಲೋಟ ಇಡ್ತಿದ್ರು. ಆಮೇಲೆ ಇಳಿಯೋದೆಲ್ಲ ಆ ಲೋಟಕ್ಕೆ. ಅದನ್ನ ಸಿಂಕಿಗೆ ಚೆಲ್ತಿದ್ರು. ಈಗ ಅದೂ ಕಪ್ಪಿಗೇ ಬರ್ತಿದೆ."

ಎಷ್ಟು ದಿನದಿಂದ ಎಂದು ದೊಡ್ಡಮ್ಮ ಕೇಳಿದಳು. ನೀವು ಮಾತು ಬಿಟ್ಟಾಗಿನಿಂದಲೂ ಎಂದರು ಡಾಕ್ಟರು. ಅಂಗಡಿಗೆ ಬರುವ ಎಲ್ಲರಿಗೂ ಗೊತ್ತಿದೆ ಎನ್ನುವುದನ್ನು ಅವರು ಹೇಳಬೇಕಾಗಲಿಲ್ಲ, ಅಲ್ಲಿ ಕೂತಿದ್ದ ಉಳಿದವರೆಲ್ಲ ತಮ್ಮ ತಮ್ಮ ಕಪ್ಪಿನೊಳಗೆ ಮುಖ ಹುದುಗಿಸಿದ್ದರಲ್ಲ.

ದೊಡ್ಡಮ್ಮನಿಗೆ ಮೊದಲು ಬಂದದ್ದು ಸಿಟ್ಟು. ಬೆನ್ನ ಹಿಂದೆ ಇಷ್ಟೊಂದು ಕಳ್ಳಾಟವೇ, ನನ್ನ ಕಾಫಿಯನ್ನು ಚರಂಡಿಗೆ ಚೆಲ್ಲಲು ಇವಳಾರು ಎಂದು ಮೈಯೆಲ್ಲ ಉರಿಯಿತು. ಆದರೆ ಸಿಟ್ಟಿನ ಜೊತೆಗೇ ಅವಳ ಹುಟ್ಟುಗುಣವೂ ಎದ್ದು ನಿಂತಿತು. ಹಾಗಾದರೆ ಆ ಧಾರೆಯಲ್ಲಿ ಇರುವುದಾದರೂ ಏನು? ಎದ್ದು ಹೋಗಿ ಮಕಿಯಾಟೊದ ಪುಟ್ಟ ಕಪ್ಪುಗಳನ್ನು ಸಾಲಾಗಿ ತೆಗೆದಳು. ಪುಡಿ ಒತ್ತಿ ಗುಂಡಿ ಅದುಮಿದಳು. ಅಂದು ಮಾತ್ರ ಬೆನ್ನು ತಿರುಗಿಸಲಿಲ್ಲ. ಒಂದೇ ಧಾರೆಯ ಕೆಳಗೆ ಒಂದಾದ ಮೇಲೊಂದು ಕಪ್ ಹಿಡಿದು, ಅದನ್ನು ತುಂಡು ತುಂಡಾಗಿ ಹಂಚಿಕೊಂಡಳು.

ಮೊದಲ ಕಪ್ಪಿನಲ್ಲಿ ಬಿದ್ದದ್ದು ಡಾಂಬರಿನಷ್ಟು ಕಪ್ಪಾಗಿ, ಮಂದವಾಗಿ, ಬಾಯಿ ಮುರಿಯುವಷ್ಟು ಹುಳಿ. ಎರಡನೆಯದರಲ್ಲಿ ಹುಳಿಯ ಹಿಂದೆ ಸಿಹಿ ಬಂತು. ಮೂರನೆಯದು ಘಮಘಮ ಎನ್ನುತ್ತಿತ್ತು. ಅಲ್ಲಿಂದ ಮುಂದೆ ಧಾರೆ ಹಳದಿಗೆ ತಿರುಗಿತು, ತೆಳ್ಳಗಾಯಿತು, ಬಿಳಿಚಿಕೊಂಡಿತು. ಕೊನೆಯ ಕಪ್ಪನ್ನು ದೊಡ್ಡಮ್ಮ ಬಾಯಿಗೆ ಹಾಕಿಕೊಂಡಳು, ಸಕ್ಕರೆಯಿಲ್ಲದೆ. ಒಣಕಟ್ಟಿಗೆ ಬೇಯಿಸಿದ ನೀರು. ನಾಲಿಗೆಯ ಬುಡದಲ್ಲಿ ಕೂತ ಕಹಿ ಎಷ್ಟು ನೀರು ಕುಡಿದರೂ ಏಳಲಿಲ್ಲ. ಮೊದಲ ಮೂರನ್ನು ಒಟ್ಟಿಗೆ ಸುರಿದು ಕುಡಿದಳು. ಇಷ್ಟು ವರ್ಷ ಯಂತ್ರದ ಮುಂದೆ ನಿಂತಿದ್ದರೂ, ಆ ಅಂಗಡಿಯ ಕಾಫಿಯ ರುಚಿ ಅವಳಿಗೆ ಗೊತ್ತಾದದ್ದು ಆಗಲೇ. ಅಷ್ಟು ಚೆನ್ನಾಗಿತ್ತು ಅದು. ಧಾರೆ ಬಣ್ಣ ತಿರುಗಿದೊಡನೆ ನಿಲ್ಲಿಸಬೇಕು ಎಂದು ಮೆಕ್ಯಾನಿಕ್ ಹೇಳಿದ್ದು ಈಗ ನೆನಪಾಯಿತು. ಅಂದು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಿದ್ದಳು. ಇನ್ನೂ ಬರುತ್ತಿರುವುದನ್ನು ನಿಲ್ಲಿಸುವುದು ಅವಳ ಜಾಯಮಾನವಲ್ಲ. ಕೊನೆಯ ಹನಿಯವರೆಗೂ ಹಿಂಡಿ ಹಿಂಡಿ, ಹಿಂಡಬಾರದ್ದನ್ನೂ ಹಿಂಡಿದ್ದಳು.

ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಅದರ ಜಾಗಕ್ಕೆ ಬಂದದ್ದು ದುಃಖ. ಮಾತು ಬಿಟ್ಟವಳ ಮರ್ಯಾದೆಯನ್ನು ಚಿಕ್ಕಮ್ಮ ದಿನಕ್ಕೆ ನೂರು ಸಲ, ಯಾರೂ ಕೇಳದೆ, ಕಾಪಾಡಿದ್ದಳು. ತಾನು ಅದನ್ನೇ ಸಾಕ್ಷಿಯೆಂದು ಎದೆಯುಬ್ಬಿಸಿಕೊಂಡು ತಿರುಗಿದ್ದಳು. ಇನ್ನು ಚಿಕ್ಕಮ್ಮ ಬಾರದೆ ಹೋದರೆ? ಕಾಫಿಯನ್ನು ಹೇಗೋ ಸರಿಮಾಡಿಕೊಳ್ಳಬಹುದು. ಆ ಪಕ್ಕದ ಜಾಗ ಖಾಲಿ ಉಳಿಯುವುದನ್ನು ಮಾತ್ರ ಅವಳಿಗೆ ನೆನೆಸಿಕೊಳ್ಳಲೂ ಆಗಲಿಲ್ಲ. ಗಲ್ಲಾಕ್ಕೆ ಹೋಗಿ ಮೈದುನನ ಕೈಯಿಂದ ಫೋನು ಇಸಿದುಕೊಂಡಳು.

ಗಂಡನ ನಂಬರು ನೋಡಿ ಚಿಕ್ಕಮ್ಮ ಗಂಡನೇ ಎಂದುಕೊಂಡಳು. ಹಿಂದೆ ಮಗು ಅಳುತ್ತಿತ್ತು.

"ಹೇಳ್ರಿ. ಅಕ್ಕ ಊಟ ಮಾಡಿದ್ರಾ? ಒಬ್ಬರೇ ನಿಂತು ನಿಂತು ಕಾಲು ಊದಿರುತ್ತೆ, ಮಧ್ಯಾಹ್ನ ಸ್ವಲ್ಪ ಕೂರೋಕೆ ಹೇಳಿ."

ದಿನಾ ಇವಳು ಗಂಡನಲ್ಲಿ ಇದನ್ನೇ ಕೇಳುತ್ತಾಳೋ ಏನೋ. ದೊಡ್ಡಮ್ಮ ಬಾಗಿಲ ಹೊರಗೆ ಹೋಗಿ ನಿಂತು, ಕಷ್ಟಪಟ್ಟು ದನಿ ತೆಗೆದಳು.

"ಊಟ ಆಯ್ತು ಕಣೆ."

ಆ ಕಡೆ ಮಗುವಿನ ಅಳು ಒಂದೇ ಕೇಳಿಸಿತು. ಆಮೇಲೆ ಮೆಲ್ಲಗೆ, "ಅಕ್ಕ?"

"ಲೋಟದ ವಿಷಯ ಗೊತ್ತಾಯ್ತು. ಇಷ್ಟು ವರ್ಷ ಯಾಕೆ ನೀನು ಹೇಳಲಿಲ್ಲ?"

ಚಿಕ್ಕಮ್ಮನ ದನಿಯಲ್ಲಿ ಕೊಂಕಿರಲಿಲ್ಲ.

"ಒಂದು ಸಲ ಹೇಳಿದ್ದೆನಲ್ಲಕ್ಕ."

ದೊಡ್ಡಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಹೇಳಬೇಕೆಂದು ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಚೆಲ್ಲಾಪಿಲ್ಲಿಯಾಯಿತು. ಹೌದು, ಅವಳು ಹೇಳಿದ್ದಳು. ಹೇಳಿದ್ದಕ್ಕೆ ತಾನು ಕೊಟ್ಟ ಶಿಕ್ಷೆ ನೋಡಿದವಳು ಎರಡನೆಯ ಸಲ ಯಾಕೆ ಹೇಳುತ್ತಾಳೆ? ಏಪ್ರನ್ನಿನ ಅಂಚಿನಿಂದ ಕಣ್ಣು ಒರೆಸಿಕೊಂಡು ಹೇಳಿದಳು:

"ಇನ್ನೊಂದು ಸಲ ಹೇಳು. ಇಲ್ಲಿಗೆ ಬಂದು, ಎಲ್ಲರ ಮುಂದೆ ಹೇಳು. ಈ ಸಲ ನಾನು ಮಾತು ಬಿಡಲ್ಲ."

ಬರುತ್ತೇನೆ ಎಂದು ಚಿಕ್ಕಮ್ಮ ಹೇಳಲಿಲ್ಲ. ಮಗುವನ್ನು ಹೆಗಲಿಗೆ ಹಾಕಿಕೊಂಡಳೆಂದು ಕಾಣುತ್ತದೆ, ಅಳು ನಿಂತಿತು. ಈಗ ಧಾರೆ ಎಲ್ಲಿಗೆ ನಿಲ್ಲಿಸುತ್ತಿದ್ದೀರಿ ಎಂದು ಕೇಳಿದಳು. ದೊಡ್ಡಮ್ಮ ಪುಟ್ಟ ಕಪ್ಪುಗಳ ಕಥೆಯನ್ನೆಲ್ಲ ಹೇಳಿದಳು. ಸೋಪಿನ ನೀರಲ್ಲಿ ನೊರೆ ಕಲಿತದ್ದನ್ನು ಕೇಳಿ ಆ ಕಡೆಯಿಂದ ನಗು ಬಂತು. ಮೈದುನ ಫೋನಿಗಾಗಿ ಎರಡು ಸಲ ಬಾಗಿಲಿಗೆ ಬಂದು, ಅತ್ತಿಗೆಯ ಮುಖ ನೋಡಿ, ಸದ್ದಿಲ್ಲದೆ ವಾಪಸ್ ಹೋದ.

ಮಗಳು ಎದ್ದು ಓಡಾಡುವಂತಾದ ಮೇಲೆ, ಒಂದು ಬೆಳಿಗ್ಗೆ ಅಂಗಡಿ ತುಂಬಿರುವ ಹೊತ್ತಿನಲ್ಲಿ, ಬಸ್ಸಿಳಿದು ಸೀದಾ ಬಂದ ಚಿಕ್ಕಮ್ಮ ಕೌಂಟರಿನ ಆಚೆ, ಗಿರಾಕಿಗಳು ನಿಲ್ಲುವ ಕಡೆ ನಿಂತಳು. ಕೈಯಲ್ಲಿ ಇನ್ನೂ ಚೀಲವಿತ್ತು. ಅಲ್ಲಿನ ಅಂಗಡಿಯವರಿಗೆ ಏನು ಹೇಳಿ ಬಂದಳೋ ಯಾರೂ ಕೇಳಲಿಲ್ಲ. ಇರುವುದಕ್ಕೆ ಬಂದದ್ದೋ, ಬಟ್ಟೆಬರೆ ಒಯ್ಯುವುದಕ್ಕೆ ಬಂದದ್ದೋ ಎಂದು ಕೇಳುವ ಧೈರ್ಯ ದೊಡ್ಡಮ್ಮನಿಗೂ ಇರಲಿಲ್ಲ. ಅವಳು ಪುಡಿ ಒತ್ತಿ, ಕಣ್ಣು ಕೀಳದೆ ಧಾರೆ ನೋಡುತ್ತ ನಿಂತು, ಬಣ್ಣ ತಿರುಗಿದೊಡನೆ ನಿಲ್ಲಿಸಿ, ಹಾಲು ಹಾಕದ ಆ ಎಸ್ಪ್ರೆಸೊವನ್ನು ಚಿಕ್ಕಮ್ಮನ ಮುಂದಿಟ್ಟಳು.

ಚಿಕ್ಕಮ್ಮ ಒಂದು ಗುಟುಕು ಕುಡಿದಳು. ಬಾಯಲ್ಲಿ ಆಡಿಸಿ ನುಂಗಿದಳು. ಹಲ್ಲಿನ ಡಾಕ್ಟರು ಪೇಪರು ಕೆಳಗಿಳಿಸಿದರು.

"ಇನ್ನೂ ಸ್ವಲ್ಪ ಕಹಿ ಇದೆ ಅಕ್ಕ."

ದೊಡ್ಡಮ್ಮ ಆ ಕಪ್ಪನ್ನು ತೆಗೆದುಕೊಂಡು, ಉಳಿದದ್ದನ್ನು ತಾನೂ ಕುಡಿದು ನೋಡಿದಳು. ಹೌದು, ಇತ್ತು.

"ಎಲ್ಲಿಗೆ ನಿಲ್ಲಿಸಬೇಕು, ಬಂದು ತೋರಿಸು," ಎಂದಳು.

ಚಿಕ್ಕಮ್ಮ ಚೀಲ ಕೆಳಗಿಟ್ಟು ಕೌಂಟರಿನ ಒಳಗೆ ಬಂದಳು. ದೊಡ್ಡಮ್ಮ ಹಾಲಿನ ಜಗ್ ಎತ್ತಿಕೊಂಡು ಬಲಗಡೆಗೆ ಸರಿದು, ಎಡಗಡೆಯ ಜಾಗವನ್ನು ಅವಳಿಗೆ ಬಿಟ್ಟುಕೊಟ್ಟಳು.